ಪಿಸಿ ಗೇಮಿಂಗ್‌ನಲ್ಲಿ ಹೆಡ್‌ಫೋನ್ ಧ್ವನಿ ಮತ್ತು ದಿಕ್ಕಿನ ಅರಿವು

ಕಂಪ್ಯೂಟರ್ ಆಟದೊಳಗಿನ ಹೆಜ್ಜೆ ಸಪ್ಪಳ, ಗುಂಡಿನ ಸದ್ದು, ಬಾಗಿಲ ಕಿರುಗುಟ್ಟು ಯಾವ ದಿಕ್ಕಿನಿಂದ, ಎಷ್ಟು ದೂರದಿಂದ ಬಂತೆಂಬುದನ್ನು ಕಿವಿಗಂಟಿದ ಎರಡೇ ಡ್ರೈವರುಗಳ ಮೂಲಕ ಆಟಗಾರನಿಗೆ ತಿಳಿಸಿಕೊಡುವ ಏರ್ಪಾಡನ್ನು ಪೊಸಿಷನಲ್ ಆಡಿಯೊ ಎನ್ನುತ್ತಾರೆ. ಕೌಂಟರ್ ಸ್ಟ್ರೈಕ್, ವ್ಯಾಲರಂಟ್, ಪಬ್‌ಜಿಯಂಥ ಆಟಗಳಲ್ಲಿ ಎದುರಾಳಿ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತಾನೆ. ಹಾಗಾಗಿ ಹೆಡ್‌ಫೋನ್ ಚರ್ಚೆ ಆಟಗಾರರ ನಡುವೆ ಮುಗಿಯುವುದೇ ಇಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೇಳಿದರೂ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಕೇಳಿದರೂ ಈ ಚರ್ಚೆಗೆ ಸಿಗುವ ಉತ್ತರ ಬಹುಮಟ್ಟಿಗೆ ಒಂದೇ: ‘7.1’ ಎಂದು ಡಬ್ಬಿಯ ಮೇಲೆ ಅಚ್ಚಾಗಿರುವ, ದೀಪ ಮಿನುಗುವ, ಆದಷ್ಟು ದುಬಾರಿಯ ಹೆಡ್‌ಸೆಟ್ ಕೊಳ್ಳಿ. ಕಳೆದ ಒಂದು ಶತಮಾನದಲ್ಲಿ ಶ್ರವಣವಿಜ್ಞಾನ ಕಂಡುಕೊಂಡಿರುವುದನ್ನು ಇದರ ಪಕ್ಕ ಇಟ್ಟು ನೋಡಿದರೆ ಈ ಉತ್ತರ ನಿಲ್ಲುವುದಿಲ್ಲ. ದಿಕ್ಕು ಹುಟ್ಟುವುದು ಆಟದ ಲೆಕ್ಕಾಚಾರದಲ್ಲಿ. ಅದನ್ನು ಓದುವುದು ಆಟಗಾರನ ಮಿದುಳು. ನಡುವಿನ ಹೆಡ್‌ಫೋನ್ ಮಾಡಬೇಕಾದ ಕೆಲಸ ಆ ಲೆಕ್ಕವನ್ನು ಕೆಡಿಸದೆ ದಾಟಿಸುವುದಷ್ಟೆ. ಇದನ್ನು ಒಪ್ಪಿದರೆ ಖರ್ಚಿನ ಸರದಿಯೂ ತಿರುಗಿ ಹೋಗುತ್ತದೆ: ಮೊದಲು ಸೆಟ್ಟಿಂಗ್, ಆಮೇಲೆ ಕೋಣೆಯ ಗದ್ದಲ ಮತ್ತು ಹೆಡ್‌ಫೋನ್ ಕಿವಿಗೆ ಕೂರುವ ರೀತಿ, ಅದಾದ ಮೇಲೆ ಹೆಡ್‌ಫೋನು, ಕಟ್ಟಕಡೆಗೆ ಆಂಪ್ಲಿಫೈಯರ್ ಮುಂತಾದವು.

ಕಿವಿ ದಿಕ್ಕನ್ನು ಹಿಡಿಯುವ ಬಗೆಯನ್ನು ಲಾರ್ಡ್ ರ್‍ಯಾಲೆ 1907ರಲ್ಲಿ ಎರಡು ಭಾಗ ಮಾಡಿ ವಿವರಿಸಿದ. ಬಲಗಡೆಯಿಂದ ಬಂದ ಸದ್ದು ಬಲಗಿವಿಯನ್ನು ಮೊದಲು, ಎಡಗಿವಿಯನ್ನು ಸ್ವಲ್ಪ ತಡವಾಗಿ ತಲುಪುತ್ತದೆ. ತಲೆ ಅಡ್ಡ ಬರುವುದರಿಂದ ಎಡಗಿವಿಯಲ್ಲಿ ಅದು ಕ್ಷೀಣವಾಗಿಯೂ ಕೇಳುತ್ತದೆ. ಸುಮಾರು 1500 ಹರ್ಟ್ಸ್‌ಗಿಂತ ಕೆಳಗಿನ ಸದ್ದಿಗೆ ಸಮಯದ ವ್ಯತ್ಯಾಸ, ಅದಕ್ಕಿಂತ ಮೇಲಿನದಕ್ಕೆ ಮಟ್ಟದ ವ್ಯತ್ಯಾಸ ಮುಖ್ಯ. ಈ ಸಮಯ ಎಷ್ಟು ಸಣ್ಣದೆಂದರೆ, ಸಾಧಾರಣ ಗಾತ್ರದ ತಲೆಗೆ ನೇರ ಬದಿಯಿಂದ ಬಂದ ಸದ್ದಿನಲ್ಲೂ ಅದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದ ಲೆಕ್ಕದಲ್ಲಿ 650ರ ಆಸುಪಾಸು. ನೇರ ಮುಂದೆ ಇರುವ ಸದ್ದು ಒಂದು ಡಿಗ್ರಿ ಸರಿದರೆ ಮನುಷ್ಯ ಗುರುತಿಸಬಲ್ಲ. ಆಗಿನ ವ್ಯತ್ಯಾಸ ಅದೇ ಲೆಕ್ಕದಲ್ಲಿ ಹತ್ತರ ಹತ್ತಿರ. (ಬಳ್ಳಾರಿಯ ಮೇ ತಿಂಗಳ 42 ಡಿಗ್ರಿ ಬಿಸಿಲಿನಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರಿನಿಂದ 357ಕ್ಕೆ ಏರುತ್ತದೆ, ಆ 650 ಸುಮಾರು 630ಕ್ಕೆ ಇಳಿಯುತ್ತದೆ. ಒಬ್ಬರ ತಲೆಗೂ ಇನ್ನೊಬ್ಬರ ತಲೆಗೂ ಇರುವ ಅಂತರದ ಮುಂದೆ ಇದು ಲೆಕ್ಕಕ್ಕಿಲ್ಲ. ಬಿಸಿಲು ಈ ವಿಷಯದಲ್ಲಿ ತೊಂದರೆ ಕೊಡುವುದು ಬೇರೆ ದಾರಿಯಲ್ಲಿ. ಅದು ಮುಂದೆ ಬರುತ್ತದೆ.) ಎಡ–ಬಲ ಹೇಳಲು ಈ ಎರಡು ಸುಳಿವು ಸಾಕು. ಮುಂದೆಯೋ ಹಿಂದೆಯೋ, ಮೇಲೋ ಕೆಳಗೋ ಎನ್ನಲು ಸಾಲವು, ಏಕೆಂದರೆ ನೇರ ಮುಂದಿನ ಸದ್ದೂ ನೇರ ಹಿಂದಿನ ಸದ್ದೂ ಎರಡು ಕಿವಿಯನ್ನು ಒಟ್ಟಿಗೇ ಮುಟ್ಟುತ್ತವೆ. ಅಲ್ಲಿ ಕೆಲಸಕ್ಕೆ ಬರುವುದು ಹೊರಗಿವಿಯ ಮಡಿಕೆಗಳು. ಸುಮಾರು 4ರಿಂದ 10 ಕಿಲೊಹರ್ಟ್ಸ್ ನಡುವಿನ ಸದ್ದನ್ನು ಅವು ದಿಕ್ಕಿಗೆ ತಕ್ಕಂತೆ ಒಂದು ಕಡೆ ಉಬ್ಬಿಸಿ ಇನ್ನೊಂದು ಕಡೆ ತಗ್ಗಿಸುತ್ತವೆ. ತಲೆ, ಭುಜ, ಹೊರಗಿವಿ ಮೂರೂ ಸೇರಿ ಸದ್ದಿಗೆ ಮಾಡುವ ಈ ಎಲ್ಲ ಬದಲಾವಣೆಯನ್ನು ಒಂದೊಂದು ದಿಕ್ಕಿಗೆ ಒಂದೊಂದರಂತೆ ಬರೆದಿಟ್ಟ ಲೆಕ್ಕವೇ ಎಚ್‌ಆರ್‌ಟಿಎಫ್. ಇದನ್ನು ಆಟದ ಸದ್ದಿಗೆ ಅನ್ವಯಿಸಿ ಹೆಡ್‌ಫೋನಿಗೆ ಕಳಿಸಿದರೆ ಸದ್ದು ತಲೆಯೊಳಗಿಂದ ಹೊರಬಂದು ಕೋಣೆಯ ಒಂದು ಮೂಲೆಯಲ್ಲಿ ನಿಂತಂತೆ ಕೇಳಬೇಕು.

‘ಕೇಳಬೇಕು’ ಎಂದು ಹೇಳಲು ಕಾರಣವಿದೆ. ಆಟದಲ್ಲಿ ಬಳಕೆಯಾಗುವ ಎಚ್‌ಆರ್‌ಟಿಎಫ್ ಆಟಗಾರನ ಸ್ವಂತ ಕಿವಿಯದಲ್ಲ. 1994ರಲ್ಲಿ ಎಂಐಟಿಯ ಮೀಡಿಯಾ ಲ್ಯಾಬ್‌ನಲ್ಲಿ ಬಿಲ್ ಗಾರ್ಡ್ನರ್ ಮತ್ತು ಕೀತ್ ಮಾರ್ಟಿನ್ ಕೆಮಾರ್ ಎಂಬ ಗೊಂಬೆಯ ಕಿವಿಗಳಲ್ಲಿ ಮೈಕ್ ಇಟ್ಟು 710 ದಿಕ್ಕುಗಳಿಂದ ಅಳತೆ ಮಾಡಿ ಎಲ್ಲರಿಗೂ ಬಿಟ್ಟಿಯಾಗಿ ಕೊಟ್ಟರು. 2001ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನವರು 45 ಕೇಳುಗರ ಅಳತೆಗಳ ಸಂಗ್ರಹವನ್ನು ಹೊರತಂದರು. ಮುಂದೆ ಬಂದ ಎಷ್ಟೋ ತಂತ್ರಾಂಶಗಳು ಇಂಥ ಸಂಗ್ರಹಗಳ ಮೇಲೆ ನಿಂತಿವೆ. ಹಾಗಾದರೆ ಬೇರೆಯವರ ಕಿವಿಯಿಂದ ಕೇಳಿದ್ದನ್ನು ನಮ್ಮ ಮಿದುಳು ನಂಬುತ್ತದೆಯೆ? ನಾಸಾದ ಎಲಿಜಬೆತ್ ವೆಂಜೆಲ್ ಮತ್ತು ಜೊತೆಗಾರರು 1993ರಲ್ಲಿ ಇದನ್ನೇ ಪರೀಕ್ಷಿಸಿದರು. ಬೇರೊಬ್ಬರ ಕಿವಿಯ ಅಳತೆಯಲ್ಲಿ ಹೆಡ್‌ಫೋನಿನಿಂದ ಕೇಳಿದ 16 ಮಂದಿಯಲ್ಲಿ ಹೆಚ್ಚಿನವರು ಎಡ–ಬಲದ ಕೋನವನ್ನು ಚೆನ್ನಾಗಿಯೇ ಹೇಳಿದರು. ಎಡವಿದ್ದು ಮುಂದು–ಹಿಂದಿನಲ್ಲಿ: ನಿಜವಾದ ಸ್ಪೀಕರ್ ಕೇಳುವಾಗ ನೂರಕ್ಕೆ 19ರಷ್ಟಿದ್ದ ಈ ಗೊಂದಲ ಹೆಡ್‌ಫೋನಿನಲ್ಲಿ 31ಕ್ಕೆ ಏರಿತು. ಎಚ್‌ಆರ್‌ಟಿಎಫ್ ಬರೀ ಬೊಗಳೆ ಎನ್ನುವವರೂ ಅದು ಪವಾಡ ಎನ್ನುವವರೂ ಈ ಒಂದು ಪ್ರಯೋಗವನ್ನು ಪೂರ್ತಿ ಓದಿಕೊಂಡರೆ ಜಗಳ ಅರ್ಧ ಇಳಿಯುತ್ತದೆ. ಇಲ್ಲೊಂದು ವಿಚಾರವನ್ನೂ ಗಮನಿಸಬೇಕು. ನಿಜವಾದ ಸ್ಪೀಕರಿನಲ್ಲೂ, ಸ್ವಂತ ಕಿವಿಯಲ್ಲೂ, ತಲೆ ಅಲುಗಿಸದೆ ಕೂತವನಿಗೆ ಐದರಲ್ಲಿ ಒಂದು ಸಲ ಮುಂದು ಹಿಂದಾಗುತ್ತದೆ. ನಿಜಜೀವನದಲ್ಲಿ ನಾವು ಅಷ್ಟು ತಪ್ಪುವುದಿಲ್ಲ, ಏಕೆಂದರೆ ಅನುಮಾನ ಬಂದ ಕ್ಷಣ ಕತ್ತು ತಿರುಗಿಸುತ್ತೇವೆ.

ಕತ್ತು ತಿರುಗಿಸುವ ಈ ಉಪಾಯವನ್ನು 1940ರಲ್ಲೇ ಹಾನ್ಸ್ ವಾಲಾಕ್ ವಿವರಿಸಿದ್ದ. ಹೆಡ್‌ಫೋನ್ ಹಾಕಿಕೊಂಡವನಿಗೆ ಅದು ದಕ್ಕದು, ಅವನು ತಲೆ ತಿರುಗಿಸಿದರೆ ಇಡೀ ಧ್ವನಿಲೋಕವೇ ತಲೆಯ ಜೊತೆ ತಿರುಗುತ್ತದೆ. ಆದರೆ ಪಿಸಿ ಆಟಗಾರನ ಕೈಯಲ್ಲಿ ಮೌಸ್ ಇದೆ. ಕೌಂಟರ್ ಸ್ಟ್ರೈಕ್‌ನ ಡಸ್ಟ್ 2 ನಕ್ಷೆಯಲ್ಲಿ ಬಿ ಸುರಂಗದ ಬಾಯಲ್ಲಿ ನಿಂತವನಿಗೆ ಹೆಜ್ಜೆ ಸಪ್ಪಳ ಎರಡೂ ಕಿವಿಯಲ್ಲಿ ಸಮವಾಗಿ ಕೇಳಿತು ಎಂದುಕೊಳ್ಳೋಣ. ಎದುರಾಳಿ ಸುರಂಗದೊಳಗೋ ಬೆನ್ನ ಹಿಂದೆಯೋ? ಮೌಸನ್ನು ಬಲಕ್ಕೆ ಒಂದಿಷ್ಟು ಎಳೆದು ನೋಡಬೇಕು. ಸದ್ದು ಎಡಗಿವಿಯತ್ತ ಜಾರಿದರೆ ಎದುರಾಳಿ ಮುಂದಿದ್ದಾನೆ. ಬಲಗಿವಿಯತ್ತ ಬಂದರೆ ಹಿಂದಿದ್ದಾನೆ. ಹೊರಗಿವಿಯ ಮಡಿಕೆಗಳ ನೆರವೇ ಇಲ್ಲದೆ, ಯಾರ ಎಚ್‌ಆರ್‌ಟಿಎಫ್ ಆದರೂ, ಸಾದಾ ಸ್ಟೀರಿಯೊ ಆದರೂ ನಡೆಯುವ ಪರೀಕ್ಷೆ ಇದು. ತಲೆ ಅಲುಗದಿದ್ದರೂ ಸದ್ದಿನ ಮೂಲವನ್ನು ಕೇಳುಗನೇ ತನ್ನ ಕೈಯಿಂದ ಸರಿಸುತ್ತಿದ್ದರೆ ಮುಂದು–ಹಿಂದಿನ ಗೊಂದಲ ಬಹುತೇಕ ಕರಗುತ್ತದೆಂದು ಫ್ರೆಡರಿಕ್ ವೈಟ್‌ಮನ್ ಮತ್ತು ಡೋರಿಸ್ ಕಿಸ್ಟ್ಲರ್ 1999ರಲ್ಲಿ ತೋರಿಸಿದರು. ಮೂಲವನ್ನು ಬೇರೆ ಯಾರೋ ಸರಿಸಿದರೆ ಆ ಲಾಭವಿಲ್ಲ. ಯಾವ ಕಡೆಗೆ ಸರಿಯುತ್ತಿದೆ ಎಂಬುದು ಕೇಳುಗನಿಗೆ ಗೊತ್ತಿರಬೇಕು. ಮೌಸ್ ಹಿಡಿದವನ ಸ್ಥಿತಿ ಸರಿಯಾಗಿ ಇದೇ. ಆಟದ ಧ್ವನಿಯ ಬಗ್ಗೆ ಬರೆಯುವವರು ಗ್ರಾಂಗಟ್ಟಲೆ ತೂಕ, ಮಿಲಿಮೀಟರುಗಟ್ಟಲೆ ಡ್ರೈವರ್ ಗಾತ್ರ ಬರೆದು ಈ ಮಾತನ್ನು ಬಿಟ್ಟುಬಿಡುವುದು ವಿಚಿತ್ರ.

ಬೇರೆಯವರ ಕಿವಿಗೆ ಒಗ್ಗಿಕೊಳ್ಳಲು ಸಾಧ್ಯವೇ ಎಂಬ ಪ್ರಶ್ನೆಗೆ ಒಂದು ಉತ್ತರ ನೆದರ್ಲೆಂಡ್ಸ್‌ನಿಂದ, ಇನ್ನೊಂದು ಮೈಸೂರಿನಿಂದ ಬಂದಿದೆ. 1998ರಲ್ಲಿ ಪಾಲ್ ಹಾಫ್‌ಮನ್ ಮತ್ತು ಸಂಗಡಿಗರು ಕೆಲವರ ಹೊರಗಿವಿಗೆ ಅಚ್ಚುಗಳನ್ನು ತೊಡಿಸಿ ಅದರ ಆಕಾರವನ್ನೇ ಬದಲಿಸಿದರು. ಮೊದಲಿಗೆ ಮೇಲು–ಕೆಳಗಿನ ಅರಿವು ಪೂರ್ತಿ ಕೆಟ್ಟಿತು. ವಾರಗಳು ಕಳೆದಂತೆ ಅದು ಮರಳಿತು. ಅಚ್ಚು ತೆಗೆದ ಮೇಲೆ ಹಳೆಯ ಕಿವಿಯೂ ತಕ್ಷಣ ಕೆಲಸ ಮಾಡಿತು; ಹೊಸ ಭಾಷೆ ಕಲಿತವನು ತಾಯಿನುಡಿಯನ್ನು ಮರೆಯದಂತೆ ಮಿದುಳು ಎರಡನ್ನೂ ಇಟ್ಟುಕೊಂಡಿತ್ತು. ಅವರು ಕಲಿತದ್ದು ನಿತ್ಯದ ಓಡಾಟದಲ್ಲಿ, ಹೆಡ್‌ಫೋನಿನಲ್ಲಿ ಅಲ್ಲವಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಕೆಲಸ ಉತ್ತರವಾಗುತ್ತದೆ. ಮಾನಸಗಂಗೋತ್ರಿಯ ಈ ಸಂಸ್ಥೆಯನ್ನು ಕನ್ನಡಿಗರು ಹೆಚ್ಚಾಗಿ ಮಕ್ಕಳ ಕಿವುಡು, ಮಾತಿನ ತೊಡಕುಗಳ ಚಿಕಿತ್ಸೆಗಾಗಿ ಬಲ್ಲರು. ಅಲ್ಲಿನ ಕೆ.ವಿ. ನಿಶಾ ಮತ್ತು ಯು. ಅಜಿತ್ ಕುಮಾರ್ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಿವಿ ಸರಿಯಿರುವ ಕೇಳುಗರಿಗೆ ಹೆಡ್‌ಫೋನಿನ ಮೂಲಕವೇ, ಕಂಪ್ಯೂಟರ್ ಸೃಷ್ಟಿಸಿದ ದಿಕ್ಕಿನ ಸದ್ದುಗಳನ್ನು ಕೇಳಿಸಿ ತರಬೇತಿ ಕೊಡಲಾಯಿತು. ಸದ್ದು ಎಲ್ಲಿದೆ ಎಂದು ಗುರುತಿಸುವ ಅವರ ಶಕ್ತಿ ತರಬೇತಿಯ ನಂತರ ಉತ್ತಮವಾಯಿತು. ಅಲ್ಲಿ ಕೇಳಿಸಿದ್ದು ಬಂದೂಕಿನ ಸದ್ದಲ್ಲ, ಪ್ರಯೋಗಾಲಯದ ಶಬ್ದ. ಆಟದ ಗೆಲುವಿಗೆ ಇದು ನೇರ ಸಾಕ್ಷಿ ಎನ್ನಲಾಗದು. ಆದರೂ ಸ್ವಂತದ್ದಲ್ಲದ ಎಚ್‌ಆರ್‌ಟಿಎಫ್‌ಗೆ ಮಿದುಳು ಹೆಡ್‌ಫೋನಿನೊಳಗೇ ಒಗ್ಗಿಕೊಳ್ಳಬಲ್ಲದು ಎಂಬಷ್ಟು ತೀರ್ಮಾನಕ್ಕೆ ಇದು ಸಾಕು. ಅದರಿಂದ ಹೊರಡುವ ವ್ಯಾವಹಾರಿಕ ಮಾತು ಸರಳ: ಒಂದು ಸೆಟ್ಟಿಂಗ್ ಆರಿಸಿಕೊಂಡು ಕೆಲವು ವಾರ ಅದರಲ್ಲೇ ಆಡಬೇಕು. ಎಚ್‌ಆರ್‌ಟಿಎಫ್ ಆನ್ ಮಾಡಿ ಎರಡು ಮ್ಯಾಚ್ ಆಡಿ, ‘ಸದ್ದು ಡಬ್ಬಿಯೊಳಗಿಂದ ಬಂದ ಹಾಗಿದೆ’ ಎಂದು ಆಫ್ ಮಾಡುವವನು ಕಲಿಕೆಗೆ ಅವಕಾಶವನ್ನೇ ಕೊಟ್ಟಿರುವುದಿಲ್ಲ.

ಎಚ್‌ಆರ್‌ಟಿಎಫ್ ತಂತ್ರ ಇಷ್ಟು ಹಳೆಯದಾದರೆ 7.1ರ ಹಾವಳಿ ಎಲ್ಲಿಂದ ಬಂತು ಎಂದು ಕೇಳಬಹುದು. 1980ರ ದಶಕದ ಕೊನೆಗೆ ನಾಸಾದ ಏಮ್ಸ್ ಕೇಂದ್ರಕ್ಕಾಗಿ ಕ್ರಿಸ್ಟಲ್ ರಿವರ್ ಎಂಜಿನಿಯರಿಂಗ್ ಕಟ್ಟಿದ ಕನ್ವಾಲ್ವೊಟ್ರಾನ್ ಎಂಬ ಯಂತ್ರದ ವಿದ್ಯೆಯೇ ಮುಂದೆ ಆರಿಯಲ್ ಕಂಪನಿಯ ಎ3ಡಿ ಆಗಿ ಮನೆಯ ಪಿಸಿಗೆ ಬಂತು. 1998ರ ಹೊತ್ತಿಗೆ ಅದರ ಎರಡನೇ ಆವೃತ್ತಿ ಗೋಡೆಗೆ ಬಡಿದು ಮರಳುವ ಸದ್ದನ್ನೂ ಲೆಕ್ಕ ಹಾಕುತ್ತಿತ್ತು. ಅದೇ ವರ್ಷದ ಹಾಫ್ ಲೈಫ್ ಅದನ್ನು ಬಳಸಿತು. ಕ್ರಿಯೇಟಿವ್ ಕಂಪನಿಯೊಡನೆ ನಡೆದ ಪೇಟೆಂಟ್ ಮೊಕದ್ದಮೆಯಲ್ಲಿ ಆರಿಯಲ್ ಸೋಲಲಿಲ್ಲ, ಆದರೆ ಖರ್ಚಿನ ಹೊರೆಯಲ್ಲಿ 2000ದಲ್ಲಿ ದಿವಾಳಿಯಾಯಿತು. ಅದರ ಆಸ್ತಿಯನ್ನು ಕೊಂಡದ್ದು ಕ್ರಿಯೇಟಿವ್. ಆಮೇಲೆ 2007ರಲ್ಲಿ ಪೇಟೆಗೆ ಬಂದ ವಿಂಡೋಸ್ ವಿಸ್ತಾ, ಸೌಂಡ್ ಕಾರ್ಡಿಗೆ ಆಟಗಳು ನೇರವಾಗಿ 3ಡಿ ಧ್ವನಿಯನ್ನು ಒಪ್ಪಿಸುತ್ತಿದ್ದ ದಾರಿಯನ್ನು ಮುಚ್ಚಿತು. ಮುಂದಿನ ಹತ್ತು ವರ್ಷ ಹೆಚ್ಚಿನ ಆಟಗಳು ಸಿನಿಮಾ ಮಂದಿರದ ಕ್ರಮವನ್ನೇ ಹಿಡಿದು ಏಳೆಂಟು ಸ್ಪೀಕರುಗಳಿಗೆ ಸದ್ದು ಹಂಚಿದವು. ಹೆಡ್‌ಸೆಟ್ ತಯಾರಕರು ಆ ಹಂಚಿಕೆಯನ್ನು ಎರಡು ಕಿವಿಗೆ ಇಳಿಸುವ ಸಾಧನವನ್ನು ‘ವರ್ಚುವಲ್ 7.1’ ಎಂದು ಮಾರಿದರು. ಆ ಕಾಲಕ್ಕೆ ಅದಕ್ಕೊಂದು ಅರ್ಥವಿತ್ತು. 2017ರಲ್ಲಿ ಪರಿಸ್ಥಿತಿ ಬದಲಾಯಿತು: ವಾಲ್ವ್ ಕಂಪನಿ ಇಂಪಲ್ಸೋನಿಕ್ ಅನ್ನು ಕೊಂಡು ಅದರ ತಂತ್ರವನ್ನು ಸ್ಟೀಮ್ ಆಡಿಯೊ ಹೆಸರಲ್ಲಿ ಬಿಟ್ಟಿತು, ಕೌಂಟರ್ ಸ್ಟ್ರೈಕ್ ಆಟದೊಳಗೇ ಎಚ್‌ಆರ್‌ಟಿಎಫ್ ಬಂತು, ವಿಂಡೋಸ್ 10ರಲ್ಲಿ ವಿಂಡೋಸ್ ಸೋನಿಕ್ ಮತ್ತು ಹೆಡ್‌ಫೋನಿಗಾಗಿ ಡಾಲ್ಬಿ ಅಟ್ಮಾಸ್ ಸೇರಿದವು. ವ್ಯಾಲರಂಟ್ 2021ರಲ್ಲಿ ಎಚ್‌ಆರ್‌ಟಿಎಫ್ ಸೇರಿಸಿತು. ಡಬ್ಬಿಯ ಮೇಲಿನ ಅಚ್ಚು ಮಾತ್ರ ಹಾಗೇ ಉಳಿದಿದೆ.

ಎರಡು ಮೂರು ಲೆಕ್ಕಾಚಾರಗಳು ಒಂದರ ಮೇಲೊಂದು ಕೂರುವುದೇ ಈಗಿನ ತೊಂದರೆ. ಆಟ ಒಮ್ಮೆ ದಿಕ್ಕನ್ನು ಲೆಕ್ಕ ಹಾಕಿ ಎರಡು ಕಿವಿಗೆ ಬೇಕಾದ ಸದ್ದನ್ನು ಸಿದ್ಧ ಮಾಡುತ್ತದೆ. ಅದನ್ನು ವಿಂಡೋಸ್ ಸೋನಿಕ್ ಮತ್ತೆ ಎರಡು ಕಾಲ್ಪನಿಕ ಸ್ಪೀಕರುಗಳಿಂದ ಬಂದಂತೆ ಬದಲಿಸುತ್ತದೆ. ಹೆಡ್‌ಸೆಟ್ಟಿನ ಸ್ವಂತ ತಂತ್ರಾಂಶ ಅದಕ್ಕೆ ಒಂದಿಷ್ಟು ಪ್ರತಿಧ್ವನಿ ಬೆರೆಸುತ್ತದೆ. ಕೊನೆಗೆ ಕಿವಿಗೆ ಬರುವ ಸದ್ದು ವಿಶಾಲವಾಗಿ ಕೇಳುತ್ತದೆ, ನಿಜ. ಆದರೆ ಹತ್ತು ಲಕ್ಷದ ಒಂದು ಭಾಗದ ಲೆಕ್ಕದಲ್ಲಿ ಕಟ್ಟಿದ ಸುಳಿವುಗಳು ಕಲಸಿ ಹೋಗಿರುತ್ತವೆ. ‘7.1 ಹಾಕಿದರೆ ಸುತ್ತಲೂ ಕೇಳುತ್ತದೆ’ ಎನ್ನುವವರ ಅನುಭವ ಸುಳ್ಳಲ್ಲ. ಸುತ್ತಲೂ ಕೇಳುವುದು ಬೇರೆ, ಒಂದು ಬಿಂದುವಿನಲ್ಲಿ ಕೇಳುವುದು ಬೇರೆ. ಆದ್ದರಿಂದ ದಿಕ್ಕಿನ ಲೆಕ್ಕ ಒಂದೇ ಕಡೆ, ಸಾಧ್ಯವಾದರೆ ಆಟದೊಳಗೇ ನಡೆಯಬೇಕು. ಸದ್ದಿನ ಮೂಲ ಎಲ್ಲಿದೆ, ನಡುವೆ ಗೋಡೆ ಇದೆಯೇ ಎಂಬುದು ನಿಖರವಾಗಿ ಗೊತ್ತಿರುವುದು ಆಟಕ್ಕೆ ಮಾತ್ರ. ವ್ಯಾಲರಂಟ್‌ನಲ್ಲಿ ಎಚ್‌ಆರ್‌ಟಿಎಫ್ ಆನ್ ಮಾಡಿ, ಸ್ಪೀಕರ್ ಆಯ್ಕೆಯನ್ನು ಸ್ಟೀರಿಯೊದಲ್ಲಿಟ್ಟು, ವಿಂಡೋಸ್‌ನ ಸ್ಪೇಷಿಯಲ್ ಸೌಂಡ್ ಮತ್ತು ಹೆಡ್‌ಸೆಟ್ಟಿನ ಸರೌಂಡ್ ಗುಂಡಿ ಎರಡನ್ನೂ ಆಫ್ ಮಾಡಬೇಕು. 2023ರ ಕೌಂಟರ್ ಸ್ಟ್ರೈಕ್ 2ಕ್ಕೂ ಇದೇ ನ್ಯಾಯ. ಆಟದಲ್ಲಿ ಹೆಡ್‌ಫೋನ್ ಆಯ್ಕೆಯೇ ಇಲ್ಲದೆ ಬರೀ 5.1 ಅಥವಾ 7.1 ಹೊರಡುತ್ತಿದ್ದರೆ ಆಗ ಮಾತ್ರ ವಿಂಡೋಸ್ ಸೋನಿಕ್ ಅಥವಾ ಅಟ್ಮಾಸ್‌ಗೆ ಕೆಲಸ ಕೊಡಬಹುದು. ವಿಂಡೋಸ್‌ನ ಧ್ವನಿ ಡ್ರೈವರಿನ ಎನ್‌ಹಾನ್ಸ್‌ಮೆಂಟ್ಸ್ ಪುಟದ ಲೌಡ್‌ನೆಸ್ ಈಕ್ವಲೈಜೇಶನ್ ಬಗ್ಗೆ ವಾದವಿದೆ. ಅದು ಸಣ್ಣ ಸದ್ದನ್ನು ಎತ್ತಿ, ದೊಡ್ಡ ಸದ್ದನ್ನು ತಗ್ಗಿಸುತ್ತದೆ. ಹೆಜ್ಜೆ ಸಪ್ಪಳ ಎದ್ದು ಕೇಳುತ್ತದೆ. ಆದರೆ ದೂರದ ಹೆಜ್ಜೆ ಹತ್ತಿರದ ಹೆಜ್ಜೆಯಷ್ಟೇ ಜೋರಾದ ಮೇಲೆ ದೂರವನ್ನು ಅಳೆಯುವುದು ಯಾವುದರಿಂದ? ಸಪ್ಪಳ ಕೇಳಿಸದೇ ಹೋಗುವುದೇ ದೊಡ್ಡ ಸಮಸ್ಯೆಯಾಗಿರುವ ಗದ್ದಲದ ಮನೆಯಲ್ಲಿ ಮಾತ್ರ ಈ ವ್ಯಾಪಾರ ಲಾಭದ್ದು.

ಹೆಡ್‌ಫೋನಿಗೆ ಬಂದರೆ, ಬೆಲೆ ಕೊಟ್ಟಷ್ಟೂ ಧ್ವನಿ ನಿಖರ ಎಂಬ ನಂಬಿಕೆಯನ್ನು ಪರೀಕ್ಷಿಸಿದವರಿದ್ದಾರೆ. ಯೆರೂನ್ ಬ್ರೀಬಾರ್ಟ್ 2017ರಲ್ಲಿ 283 ಹೆಡ್‌ಫೋನುಗಳ ಅಳತೆಗಳನ್ನು ಅವುಗಳ ಬೆಲೆಯ ಜೊತೆ ಹೋಲಿಸಿದಾಗ ಫ್ರೀಕ್ವೆನ್ಸಿ ರೆಸ್ಪಾನ್ಸ್‌ಗೂ ಬೆಲೆಗೂ ಸಂಬಂಧವೇ ಕಾಣಲಿಲ್ಲ. ಫ್ರೀಕ್ವೆನ್ಸಿ ರೆಸ್ಪಾನ್ಸ್ ಎಂದರೆ ದಪ್ಪ ಸದ್ದಿನಿಂದ ಕೀರಲು ಸದ್ದಿನವರೆಗೆ ಯಾವುದನ್ನು ಎಷ್ಟು ಎತ್ತಿ, ಎಷ್ಟು ತಗ್ಗಿಸಿ ನುಡಿಸುತ್ತದೆ ಎಂಬುದರ ಗೆರೆ. ಈ ಗೆರೆ ಹೇಗಿದ್ದರೆ ಹೆಚ್ಚು ಜನಕ್ಕೆ ಹಿಡಿಸುತ್ತದೆ ಎಂಬುದನ್ನು ಹರ್ಮನ್ ಕಂಪನಿಯ ಶಾನ್ ಆಲಿವ್ ಮತ್ತು ಟಾಡ್ ವೆಲ್ಟಿ 2010ರ ದಶಕದಲ್ಲಿ ಕೇಳುಗರನ್ನು ಕೂರಿಸಿ ಪರೀಕ್ಷೆ ಮಾಡಿ ಕಂಡುಕೊಂಡರು. ಹರ್ಮನ್ ಟಾರ್ಗೆಟ್ ಎಂದು ಹೆಸರಾದದ್ದು ಅದೇ. ಬಹುಪಾಲು ಗೇಮಿಂಗ್ ಹೆಡ್‌ಸೆಟ್ಟುಗಳು ಅದರಿಂದ ದೂರ ಸರಿಯುವುದು ಬಾಸ್‌ನಲ್ಲಿ. ಬಾಂಬು ಎದೆಗೆ ಬಡಿಯಲಿ ಎಂದು ಎತ್ತಿದ ಬಾಸ್, ತನಗಿಂತ ಮೇಲಿನ ಸದ್ದುಗಳನ್ನು ಮುಚ್ಚಿಹಾಕುತ್ತದೆ. ದಪ್ಪ ಸದ್ದು ತೆಳು ಸದ್ದನ್ನು ನುಂಗುವುದು ಕಿವಿಯ ಸ್ವಭಾವ. ತೆಳು ಸದ್ದು ದಪ್ಪ ಸದ್ದನ್ನು ಅಷ್ಟು ನುಂಗುವುದಿಲ್ಲ. 8 ಕಿಲೊಹರ್ಟ್ಸ್ ಆಸುಪಾಸಿನಲ್ಲಿ ಗೆರೆ ಚೂಪಾಗಿ ಎದ್ದಿದ್ದರೂ ತೊಂದರೆ: ಹೊರಗಿವಿಯ ಸುಳಿವುಗಳು ಇರುವ ಜಾಗವೇ ಅದು, ಹೆಡ್‌ಫೋನಿನ ಉಬ್ಬನ್ನು ಮಿದುಳು ದಿಕ್ಕಿನ ಉಬ್ಬೆಂದು ಓದಬಹುದು.

ಈ ಗೆರೆಯನ್ನು ಬಿಟ್ಟಿಯಾಗಿ ತಿದ್ದುವ ದಾರಿ ಇದೆ. ವಿಂಡೋಸ್‌ಗೆ ಈಕ್ವಲೈಜರ್ ಎಪಿಒ ಎಂಬ ತಂತ್ರಾಂಶ, ಅದಕ್ಕೆ ತುಂಬಲು ಆಟೊಈಕ್ಯೂ ಯೋಜನೆಯಲ್ಲಿ ಸಾವಿರಾರು ಮಾದರಿಗಳ ತಿದ್ದುಪಡಿ ಅಂಕಿಗಳು ಸಿಗುತ್ತವೆ. ಬಳಸುವಾಗ ಒಂದು ಎಚ್ಚರ: ಯಾವುದಾದರೂ ಫ್ರೀಕ್ವೆನ್ಸಿ ಪಟ್ಟಿಯನ್ನು 6 ಡೆಸಿಬೆಲ್ ಎತ್ತಿದರೆ ಪ್ರಿಆಂಪ್ ಅಂಕಿಯನ್ನು ಮೈನಸ್ 6ಕ್ಕೆ ಇಳಿಸಬೇಕು, ಇಲ್ಲದಿದ್ದರೆ ಗುಂಡಿನ ಸದ್ದು ಬಂದಾಗ ಧ್ವನಿ ಒಡೆಯುತ್ತದೆ. ಈಕ್ವಲೈಜರ್ ಬಳಸುವುದು ಮೋಸ ಎಂಬ ಆಕ್ಷೇಪ ಆಗಾಗ ಕೇಳಿಬರುತ್ತದೆ. ಆಟದೊಳಗಿನ ಮಾಹಿತಿಯನ್ನು ಅದು ಹೊರತೆಗೆಯುವುದಿಲ್ಲ, ಸ್ಪೀಕರಿನ ಟ್ರೆಬಲ್ ಗುಂಡಿ ತಿರುಗಿಸಿದಂತೆ ಹೊರಬಂದ ಸದ್ದನ್ನು ಹದ ಮಾಡುತ್ತದೆ. ಕೌಂಟರ್ ಸ್ಟ್ರೈಕ್ 2 ತಾನೇ ತನ್ನೊಳಗೆ ಈಕ್ವಲೈಜರ್ ಆಯ್ಕೆಗಳನ್ನು ಇಟ್ಟಿದೆ. ಇನ್ನೊಂದು ಆಕ್ಷೇಪ, ವೃತ್ತಿಪರ ಆಟಗಾರರೆಲ್ಲ ದುಬಾರಿ ಹೆಡ್‌ಸೆಟ್ ಹಾಕುತ್ತಾರಲ್ಲ ಎಂಬುದು. ಅವರ ತಲೆಯ ಮೇಲಿರುವುದು ಬಹಳ ಸಲ ಪ್ರಾಯೋಜಕರ ಸರಕು. ದೊಡ್ಡ ಪಂದ್ಯಗಳ ವೇದಿಕೆಯಲ್ಲಿ ಆಟದ ಸದ್ದನ್ನು ಕಿವಿಯೊಳಗಿನ ಇಯರ್‌ಫೋನಿನಲ್ಲಿ ಕೇಳಿಸಿ, ಅದರ ಮೇಲೆ ಪ್ರೇಕ್ಷಕರ ಗದ್ದಲ ತಡೆಯುವ ಹೆಡ್‌ಸೆಟ್ ಹಾಕಿಸುವ ಪದ್ಧತಿಯೂ ಇದೆ. ಡ್ರೈವರುಗಳ ಎಡ–ಬಲ ಸಮತೋಲವನ್ನು ಮಾತ್ರ ಕೊಳ್ಳುವಾಗಲೇ ನೋಡಬೇಕು. ಯಾವುದಾದರೂ ಮಾತಿನ ಧ್ವನಿಮುದ್ರಣವನ್ನು ಮೊನೊದಲ್ಲಿ ಕೇಳಿದರೆ ಅದು ಹಣೆಯ ಸರಿಮಧ್ಯದಲ್ಲಿ ಕೂರಬೇಕು. ಒಂದು ಬದಿಗೆ ವಾಲಿದರೆ, ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಂಡಾಗ ಅದೂ ಆಚೆ ಬದಿಗೆ ವಾಲುತ್ತದೆಯೇ ನೋಡಿ. ವಾಲಿದರೆ ಯಂತ್ರದ ದೋಷ, ವಾಲದಿದ್ದರೆ ಕಿವಿಯದು ಅಥವಾ ಕೂದಲು, ಕನ್ನಡಕದ್ದು.

ಹೊರದೇಶದ ಸಲಹೆಗಳು ಬಳ್ಳಾರಿ ಸೀಮೆಗೆ ಒಗ್ಗದಿರುವುದು ಹೆಡ್‌ಫೋನಿನ ಬಗೆಯನ್ನು ಆರಿಸುವಲ್ಲಿಯೇ. ಗೇಮಿಂಗ್‌ಗೆ ಹಿಂಬದಿ ತೆರೆದ ಹೆಡ್‌ಫೋನೇ ಶ್ರೇಷ್ಠ ಎಂಬುದು ಅಲ್ಲಿ ವೇದವಾಕ್ಯ. ತಣ್ಣನೆಯ, ಕಾರ್ಪೆಟ್ ಹಾಸಿದ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದು ನಿಜವಿರಬಹುದು. ಬ್ರೂಸ್‌ಪೇಟೆಯ ಬೇಸಿಗೆಯಲ್ಲಿ ಪಿಸಿ ಇರುವ ಕೋಣೆಯಲ್ಲಿ ಕೂಲರ್ ತಿರುಗುತ್ತಿರುತ್ತದೆ, ತಲೆಯ ಮೇಲೆ ಫ್ಯಾನು, ಕಿಟಕಿಯಾಚೆ ಆಟೊಗಳು. ಕೂಲರಿನ ಗಾಳಿಯ ಸದ್ದು ಕೆಳಗಿನಿಂದ ಮೇಲಿನವರೆಗೆ ಹರಡಿದ್ದು, ಹೆಜ್ಜೆ ಸಪ್ಪಳ ಇರುವ ಜಾಗದಲ್ಲೇ ಬಂದು ಕೂರುತ್ತದೆ. ತೆರೆದ ಹೆಡ್‌ಫೋನು ಅದನ್ನು ಪೂರ್ತಿ ಒಳಗೆ ಬಿಡುತ್ತದೆ. ಅದರ ವಿಶಾಲ ಧ್ವನಿಯ ಲಾಭವೆಲ್ಲ ಕೂಲರಿನ ಪಾಲು. ಮುಚ್ಚಿದ ಹೆಡ್‌ಫೋನಿನಲ್ಲಿ ಗದ್ದಲ ಕಡಿಮೆ, ಆದರೆ 40 ಡಿಗ್ರಿಯಲ್ಲಿ ರೆಕ್ಸಿನ್ ಕುಶನ್ನು ಅರ್ಧ ಗಂಟೆಗೇ ಬೆವರಿಗೆ ಅಂಟುತ್ತದೆ, ಒಂದೆರಡು ಬೇಸಿಗೆಗೆ ಸಿಪ್ಪೆ ಸುಲಿಯುತ್ತದೆ. ಬಟ್ಟೆಯ ಕುಶನ್ ಹಾಕಿಸಿಕೊಂಡರೆ ಬೆವರು ಕಡಿಮೆ, ಬಾಸ್ ಸ್ವಲ್ಪ ಸೋರುತ್ತದೆ. ಕನ್ನಡಕದ ಕಡ್ಡಿ ಕುಶನ್ನನ್ನು ಎತ್ತಿ ಹಿಡಿದರೂ ಹೀಗೇ. ಈ ಲೆಕ್ಕದಲ್ಲಿ ಇಲ್ಲಿನ ಹವೆಗೆ ಸರಿಯಾದ ಆಯ್ಕೆ ಕಿವಿಯೊಳಗೆ ಬಿಗಿಯಾಗಿ ಕೂರುವ, ವೈರಿನ ಇಯರ್‌ಫೋನು. ರಬ್ಬರ್ ತುದಿ ಸರಿಯಾದ ಅಳತೆಯದಾದರೆ ಅದು ಹೊರಗಿನ ಸದ್ದನ್ನು ದೊಡ್ಡ ಹೆಡ್‌ಸೆಟ್ಟಿನಷ್ಟೇ ತಡೆಯುತ್ತದೆ, ಬೆವರಿಸುವುದಿಲ್ಲ, ಬೆಲೆಯೂ ಕಡಿಮೆ. ಇಯರ್‌ಫೋನು ಹೊರಗಿವಿಯನ್ನು ತಪ್ಪಿಸಿಬಿಡುತ್ತದಲ್ಲ, ದಿಕ್ಕಿನ ಸುಳಿವು ಹೋಗುವುದಿಲ್ಲವೇ ಎಂದರೆ, ಆ ಸುಳಿವನ್ನು ಆಟವೇ ಲೆಕ್ಕ ಹಾಕಿ ಕಳಿಸಿರುತ್ತದೆ; ದೊಡ್ಡ ಹೆಡ್‌ಫೋನಿನ ಡ್ರೈವರ್ ಕೂಡ ಕಿವಿಯ ಬದಿಗೇ ಇರುವುದರಿಂದ ಅದು ಹೊರಗಿವಿಯಿಂದ ಎಬ್ಬಿಸುವ ಸುಳಿವು ‘ಬದಿ’ಯದೇ ಹೊರತು ‘ಮುಂದೆ’ಯದಲ್ಲ. ಸ್ಪೀಕರ್ ಇಟ್ಟು ಆಡುತ್ತೇವೆ ಎನ್ನುವವರಿಗೆ ಆರ್‌ಸಿಸಿ ಚಾವಣಿ, ಕಡಪ ಕಲ್ಲಿನ ನೆಲ, ಬರಿಗೋಡೆ ಮೂರೂ ಸೇರಿ ಎಬ್ಬಿಸುವ ಪ್ರತಿಧ್ವನಿಯೇ ಶತ್ರು. ದಪ್ಪ ಮಣ್ಣಿನ ಗೋಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ಅದು ಇಷ್ಟಿರುವುದಿಲ್ಲ.

ವಿದ್ಯುತ್ತಿನ ವಿಷಯ ಇನ್ನೊಂದು. ಸಿರುಗುಪ್ಪ, ಕುರುಗೋಡು ಭಾಗದ ಊರುಗಳಲ್ಲಿ ಕರೆಂಟು ಹೋದಾಗ ಪಿಸಿ ಇನ್ವರ್ಟರಿನ ಮೇಲೆ ಓಡುತ್ತದೆ. ಅಗ್ಗದ ಇನ್ವರ್ಟರು ಕೊಡುವುದು ನುಣುಪು ಅಲೆಯನ್ನಲ್ಲ, ಮೆಟ್ಟಿಲಾದ ಅಲೆಯನ್ನು. ಅದರ ಗುಂಯ್‌ಗುಡುವಿಕೆ, ಅರ್ಥಿಂಗ್ ಸರಿಯಿಲ್ಲದ ಮನೆಯ ಹಮ್, ಕ್ಯಾಬಿನೆಟ್ಟಿನ ಮುಂಬದಿಯ ಜ್ಯಾಕಿಗೆ ಹೋಗುವ ಉದ್ದ ವೈರು ಹೀರುವ ಗ್ರಾಫಿಕ್ಸ್ ಕಾರ್ಡಿನ ಕಿರಿಕಿರಿ, ಎಲ್ಲ ಸೇರಿ ಮೌನದ ಜಾಗವನ್ನು ತುಂಬುತ್ತವೆ. ಮೌನ ಶುದ್ಧವಾಗಿಲ್ಲದಿದ್ದರೆ ದೂರದ ಹೆಜ್ಜೆ ಕೇಳದು. ಮೊದಲು ಹಿಂಬದಿಯ ಜ್ಯಾಕಿಗೆ ಚುಚ್ಚಿ ನೋಡಬೇಕು, ಅರ್ಥಿಂಗ್ ತೋರಿಸಬೇಕು. ಅದಕ್ಕೂ ಹೋಗದಿದ್ದರೆ ಚಿಕ್ಕದೊಂದು ಯುಎಸ್‌ಬಿ ಡ್ಯಾಕ್ ಡಾಂಗಲ್ ಸಾಕು. ಇದಕ್ಕಿಂತ ದೊಡ್ಡ ಆಂಪ್ಲಿಫೈಯರ್ ಬೇಕಾಗುವುದು 250 ಓಮ್‌ನಂಥ, ಓಡಿಸಲು ಕಷ್ಟದ ಹೆಡ್‌ಫೋನುಗಳಿಗೆ. ಉಳಿದವರಿಗೆ ಅದು ಮೇಜಿನ ಅಲಂಕಾರ.

ಬ್ಲೂಟೂತ್ ಇಯರ್‌ಬಡ್ ಹಾಕಿ ಆಡುವವರ ಸಮಸ್ಯೆ ಬೇರೆಯೇ. ಸದ್ದು ತಡವಾಗಿ ಬರುವುದು ಎಲ್ಲರಿಗೂ ಗೊತ್ತಿದೆ. ಸಾಮಾನ್ಯ ಕೋಡೆಕ್‌ನಲ್ಲಿ ಈ ತಡ ಸೆಕೆಂಡಿನ ಹತ್ತನೇ ಭಾಗವನ್ನು ಸುಲಭವಾಗಿ ದಾಟುತ್ತದೆ. ಅದಕ್ಕಿಂತ ದೊಡ್ಡ ಕೆಡುಕು ಕಡಿಮೆ ಜನಕ್ಕೆ ತಿಳಿದಿದೆ. ತಂಡದವರ ಜೊತೆ ಮಾತಾಡಲು ಇಯರ್‌ಬಡ್ಡಿನ ಮೈಕ್ ತೆರೆದ ಕ್ಷಣ ಹಳೆಯ ಬ್ಲೂಟೂತ್ ಫೋನ್ ಕರೆಯ ಕ್ರಮಕ್ಕೆ ಜಾರುತ್ತದೆ. ಆ ಕ್ರಮದಲ್ಲಿ ಧ್ವನಿ ಮೊನೊ. ಎರಡು ಕಿವಿಗೂ ಒಂದೇ ಸದ್ದು ಹೋದ ಮೇಲೆ ರ್‍ಯಾಲೆ ಹೇಳಿದ ಎರಡು ಸುಳಿವಿನಲ್ಲಿ ಒಂದೂ ಉಳಿಯುವುದಿಲ್ಲ, ಎಷ್ಟೇ ಒಳ್ಳೆಯ ಎಚ್‌ಆರ್‌ಟಿಎಫ್ ಇದ್ದರೂ ವ್ಯರ್ಥ. ‘ಡಿಸ್ಕಾರ್ಡ್ ಹಾಕಿದರೆ ಸೌಂಡ್ ಡಲ್ ಆಗುತ್ತೆ’ ಎಂಬ ದೂರಿನ ಮೂಲ ಸಾಮಾನ್ಯವಾಗಿ ಇದೇ. ಪ್ರತ್ಯೇಕ ಮೈಕ್ ಇಟ್ಟುಕೊಂಡು ಇಯರ್‌ಬಡ್ಡಿನದನ್ನು ವಿಂಡೋಸ್‌ನಲ್ಲಿ ನಿಷ್ಕ್ರಿಯ ಮಾಡಿದರೆ ಸ್ಟೀರಿಯೊ ಮರಳುತ್ತದೆ. ಹೊಸ ಎಲ್‌ಇ ಆಡಿಯೊ ಈ ಕೊರತೆಯನ್ನು ನೀಗಿಸಲೆಂದೇ ಬಂದದ್ದು, ಆದರೆ ಇಯರ್‌ಬಡ್ ಮತ್ತು ಪಿಸಿ ಎರಡರಲ್ಲೂ ಅದಿರಬೇಕು. ಸ್ವಂತ ಯುಎಸ್‌ಬಿ ರಿಸೀವರಿನೊಂದಿಗೆ ಬರುವ 2.4 ಗಿಗಾಹರ್ಟ್ಸ್ ಹೆಡ್‌ಸೆಟ್ಟುಗಳಿಗೆ ಈ ರೋಗವಿಲ್ಲ.

ಮೇಲೆ ಹೇಳಿದ್ದೆಲ್ಲ ಪೈಪೋಟಿಯ ಆಟಗಳಿಗೆ. ಕಥೆಯ ಆಟಗಳಿಗೆ ನ್ಯಾಯ ಸಡಿಲ. 2017ರಲ್ಲಿ ಪ್ಲೇಸ್ಟೇಷನ್ನಿಗೂ 2022ರಲ್ಲಿ ಪಿಸಿಗೂ ಬಂದ ‘ಅನ್‌ಚಾರ್ಟೆಡ್: ದ ಲಾಸ್ಟ್ ಲೆಗಸಿ’ ನಡೆಯುವುದು ನಮ್ಮ ಪಶ್ಚಿಮ ಘಟ್ಟದಲ್ಲಿ, ಹೊಯ್ಸಳರ ಪಾಳು ನಗರಗಳ ನಡುವೆ, ಹಳೇಬೀಡಿನ ಹೆಸರು ಹಿಡಿದು. ಅದರ ಚರಿತ್ರೆ, ಭೂಗೋಳ ಹಾಸನದವರಿಗೆ ನಗು ತರಿಸಬಹುದು. ಆದರೆ ಜಲಪಾತದ ಭೋರ್ಗರೆತ ಸುತ್ತಲೂ ಹರಡಿದರೆ ಅಲ್ಲಿ ನಷ್ಟವೇನಿಲ್ಲ; ಅಟ್ಮಾಸ್ ಹಾಕಿಕೊಂಡು ವಿಶಾಲವಾಗಿ ಕೇಳುವುದೇ ಚೆಂದ. ಕರ್ನಾಟಕ ಆಟಗಳ ಉದ್ಯಮದಲ್ಲಿ ಹಿಂದೆ ಬಿದ್ದಿಲ್ಲ. 1997ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಧ್ರುವ ಇಂಟರಾಕ್ಟಿವ್ 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್‌ನ ಕೈಸೇರಿತು. ಆದರೆ ಅದು ಹೆಸರಾದದ್ದು ಚಿತ್ರಕೆಲಸಕ್ಕೆ. ಕಣ್ಣಿಗೆ ಕೊಟ್ಟ ಗಮನದ ಕಾಲುಭಾಗವೂ ಕಿವಿಗೆ ಸಿಗದಿರುವುದು ಈ ಉದ್ಯಮದ ಹಳೆಯ ರೋಗ, ಬೆಂಗಳೂರಿಗೆ ಮಾತ್ರ ಸೀಮಿತವಾದದ್ದಲ್ಲ.

ಎಷ್ಟು ಜೋರಾಗಿ ಕೇಳಬೇಕು ಎಂಬುದೂ ಧ್ವನಿಯ ಗುಣಕ್ಕೇ ಸೇರಿದ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್, ಮಕ್ಕಳಿಗೆ 75 ಡೆಸಿಬೆಲ್ ಎಂಬ ಮಿತಿ ಹಾಕಿದೆ. ಮೂರು ಡೆಸಿಬೆಲ್ ಏರಿದರೆ ಸುರಕ್ಷಿತ ಅವಧಿ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ 89 ಡೆಸಿಬೆಲ್‌ನಲ್ಲಿ ಆಡುವವನಿಗೆ ವಾರಕ್ಕೆ ಸಿಗುವುದು ಐದೇ ಗಂಟೆ. ಜೋರಾದ ಸದ್ದಿನಿಂದ ಮೊದಲು ಮಂಕಾಗುವುದು 3ರಿಂದ 6 ಕಿಲೊಹರ್ಟ್ಸ್ ನಡುವಿನ ಶ್ರವಣ. ಹೆಜ್ಜೆಯ ಸ್ಪಷ್ಟತೆ, ಮುಂದು–ಹಿಂದಿನ ಸುಳಿವು ಇರುವ ಜಾಗವೂ ಅಲ್ಲಿಯೇ ಶುರುವಾಗುತ್ತದೆ. ಆಟಗಾರರು ವಾಲ್ಯೂಮ್ ಏರಿಸುವುದು ಬಹಳ ಸಲ ಗುಂಡಿನ ಸದ್ದಿನ ಆಸೆಗಲ್ಲ, ಕೂಲರಿನ ಗದ್ದಲ ದಾಟಿ ಹೆಜ್ಜೆ ಕೇಳಲೆಂದು. ಬಿಗಿಯಾಗಿ ಕೂರುವ ಇಯರ್‌ಫೋನ್ ಹೊರಗಿನ ಗದ್ದಲವನ್ನು 15–20 ಡೆಸಿಬೆಲ್ ಇಳಿಸಿದರೆ ವಾಲ್ಯೂಮನ್ನೂ ಅದಕ್ಕೆ ತಕ್ಕಷ್ಟು ಇಳಿಸಬಹುದು. ಕೂಲರನ್ನು ಒಂದು ಗೇರ್ ಕೆಳಗಿಳಿಸಿ ಪಿಸಿಯಿಂದ ದೂರದ ಕಿಟಕಿಗೆ ಸರಿಸುವುದಕ್ಕಂತೂ ಒಂದು ಪೈಸೆಯ ಖರ್ಚಿಲ್ಲ.